ಕಣಜದ ಲೆಕ್ಕ, ಗಾಡಿಯ ಲೆಕ್ಕ

ನಮ್ಮ ಸಕ್ರೆಬೈಲಿಗೆ ಭದ್ರಾವತಿಯು ದೂರವೇನಲ್ಲ. 1923ರಲ್ಲಿ ಅಲ್ಲಿಯ ಕಾರ್ಖಾನೆಯು ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸತೊಡಗಿತು. ಇಂತಹ ಕಬ್ಬಿಣದ ಸೀಮೆಯಲ್ಲಿದ್ದೂ ನನ್ನ ಮನೆಯಾಕೆಯ ರಕ್ತಕ್ಕೆ ಕಬ್ಬಿಣದ ಬಡತನವೊದಗಿತು!

ಮೂತ್ರಪಿಂಡಗಳು ಸೋತಿದ್ದುದರಿಂದ ವಾರಕ್ಕೆ ಮೂರಾವರ್ತಿ ಆಕೆಯನ್ನು ಡಯಾಲಿಸಿಸ್ಸಿಗಾಗಿ ಶಿವಮೊಗ್ಗೆಗೆ ಕರೆದೊಯ್ಯುತ್ತಿದ್ದೆನು. ಕ್ರಮೇಣ ಮುಖವು ಬಿಳಿಚಿತು. ನಾಲ್ಕು ಹೆಜ್ಜೆಗೆ ಏದುಸಿರು. ಸಂಸ್ಕೃತ ಬಲ್ಲೆನೆಂಬ ಹಮ್ಮಿನಿಂದ, ಇದು ಪಾಂಡುರೋಗವೆಂದು ನಿಶ್ಚಯಿಸಿ, ವೈದ್ಯರಿಗೆ ತಿಳಿಸದೆಯೇ ಎರಡು ತಿಂಗಳು ಲೋಹಭಸ್ಮವನ್ನು ತಿನ್ನಿಸಿದೆನು. ಗುಣ ಕಾಣಲಿಲ್ಲ.

ವೈದ್ಯರು ರಕ್ತವನ್ನು ಪರೀಕ್ಷಿಸಿ ಹೇಳಿದರು: "ಮೇಷ್ಟರೇ, ಫೆರಿಟಿನ್ ಕಣಜದ ಲೆಕ್ಕ, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಗಾಡಿಯ ಹೇರಿನ ಲೆಕ್ಕ. ಹೇರು ನೂರಕ್ಕೆ 20ಕ್ಕಿಂತ ಇಳಿದರೆ, ಕಣಜ ತುಂಬಿದ್ದರೂ ಕೊರತೆಯೇ. ಯಂತ್ರದ ನಳಿಕೆಗಳಲ್ಲಿ ಪ್ರತಿಸಲವೂ ಕೊಂಚ ರಕ್ತ ಉಳಿದುಹೋಗುತ್ತದೆ. ಮೇಲಾಗಿ ಹೆಪ್ಸಿಡಿನ್ ಎಂಬ ವಸ್ತು ಹೆಚ್ಚಿ, ಕರುಳಿನ ಬಾಗಿಲನ್ನೂ ಕಣಜದ ಬಾಗಿಲನ್ನೂ ಮುಚ್ಚುತ್ತದೆ. ನುಂಗಿದುದು ರಕ್ತಕ್ಕೆ ಸೇರುವುದು ಅತ್ಯಲ್ಪ."

ಆದುದರಿಂದ ಡಯಾಲಿಸಿಸ್ ನಡೆಯುವಾಗಲೇ ಕಬ್ಬಿಣವನ್ನು ರಕ್ತನಾಳಕ್ಕೆ ಕೊಟ್ಟರು. ಜೊತೆಗೆ ಎರಿತ್ರೊಪೊಯೆಟಿನ್ ಚುಚ್ಚುಮದ್ದು. ಕಬ್ಬಿಣವು ಅತಿಯಾದರೂ ಕೇಡೆಂದು, ಆ ಎರಡು ಲೆಕ್ಕಗಳನ್ನು ಮತ್ತೆ ಮತ್ತೆ ನೋಡಿದರು.

ಮೂರು ತಿಂಗಳ ಮೇಲೆ ಆಕೆಯು ತುಂಗೆಯ ದಡದವರೆಗೆ ನಡೆದು, ಬಿಡಾರದ ಆನೆಗಳ ಸ್ನಾನವನ್ನು ನೋಡಿ ನಕ್ಕಳು. ವಾಚಕರೇ, ಮನೆಯ ರೋಗಿಗೆ ಮದ್ದು ತಿನ್ನಿಸುವ ಮುನ್ನ ಆ ಎರಡು ಲೆಕ್ಕಗಳನ್ನು ಕೇಳಿರಿ. ನಾನು ಕಳೆದ ಎರಡು ತಿಂಗಳು ಆಕೆಯವಾಗಿದ್ದುವು.