ಸೋತವಳ ರುಜು

ಆಟವೆಂದರೆ ನನಗೆ ಬಾಲ್ಯದಿಂದಲೂ ಪ್ರಾಣ ಎಂದು ಬರೆದರೆ ಲೇಖನಕ್ಕೆ ಒಂದು ಒಳ್ಳೆಯ ಮೊದಲ ವಾಕ್ಯವೇನೋ ದೊರಕೀತು. ಆದರೆ ಅದು ನಿಜವಲ್ಲ. ಕುಂಚಾವರಂನಲ್ಲಿ ಶಾಲೆಗೆ ಹೋಗುತ್ತಿದ್ದಾಗ ಖೋ-ಖೋ ತಂಡದಲ್ಲಿ ನನಗೆ ಜಾಗ ಸಿಗಲಿಲ್ಲವಾಗಿ ನಾನು ರಿಂಗ್ ಆಟಕ್ಕೆ ಸೇರಿದೆ. ಇದಕ್ಕೆ ಟೆನಿಕಾಯ್ಟ್ ಎಂಬ ನಾಲಗೆ ತೊಡರುವ ಹೆಸರೂ ಉಂಟು. ಎರಡು ಕಂಬ, ನಡುವೆ ಒಂದು ಬಲೆ, ಬಲೆಯ ಆಚೆಗೊಬ್ಬಳು ಈಚೆಗೊಬ್ಬಳು, ಒಂದು ರಬ್ಬರಿನ ಬಳೆ. ಬಲೆ ಹರಿದ ವರ್ಷ ಹಗ್ಗ ಕಟ್ಟಿಕೊಂಡು ಆಡಿದ್ದೇವೆ. ಕಲಬುರಗಿಯ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಕಾಲು ಹಿಡಿದರೆ ಬಿಡುವುದಿಲ್ಲ. ನಮ್ಮೂರ ಸುತ್ತಲಿನ ಕೆಮ್ಮಣ್ಣು ಹಾಗಲ್ಲ, ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟಕ್ಕೆ ಸಿದ್ಧವಾಗುತ್ತದೆ. ಪ್ಯಾರಿಸ್ ನಗರದಲ್ಲಿ ಟೆನಿಸ್ಸನ್ನು ಇಟ್ಟಿಗೆಯ ಪುಡಿ ಹರಡಿದ ಕೆಂಪು ನೆಲದ ಮೇಲೆ ಆಡುತ್ತಾರೆಂದು ಮುಂದೊಂದು ದಿನ ಓದಿದಾಗ, ದೂರದಲ್ಲಿ ಯಾರೋ ಬಳಗದವರು ಇದ್ದಾರೆಂದು ತಿಳಿದಷ್ಟು ಸಂತೋಷವಾಯಿತು.

ಇಷ್ಟು ಪೀಠಿಕೆಯ ನಂತರ ನಾನು ಗೆದ್ದ ಕಥೆ ಬರುತ್ತದೆಂದು ಓದುಗರು ಎಣಿಸಿದ್ದರೆ ಕ್ಷಮಿಸಬೇಕು. 2024ರ ಡಿಸೆಂಬರ್‌ನಲ್ಲಿ ಅಂತರ ಕಾಲೇಜು ಕ್ರೀಡಾಕೂಟಕ್ಕೆಂದು ನಮ್ಮ ತಂಡ ಪರ ಊರಿಗೆ ಹೋಗಿತ್ತು. ಮೊದಲ ಸುತ್ತಿನಲ್ಲಿಯೇ ನಾನು 21–3, 21–2ರಿಂದ ಸೋತೆ. ಎದುರಾಳಿ ಹುಡುಗಿ ಎಸೆದ ಬಳೆ ನನ್ನ ಎಡಕ್ಕೆ ಬೀಳುತ್ತದೆಂದು ನಾನು ಓಡಿದರೆ ಬಲಕ್ಕೆ ಬೀಳುತ್ತಿತ್ತು. ಬಲಕ್ಕೇ ಬೀಳಲಿ ಎಂದು ನಿಂತರೆ ಎದೆಯ ಮುಂದೆಯೇ ಬಂದು ಬೀಳುತ್ತಿತ್ತು. ಅಂಕ ಬರೆಯುತ್ತಿದ್ದಾಕೆ ಕೊನೆಕೊನೆಗೆ ನನ್ನ ಮುಖ ನೋಡುವುದನ್ನೇ ಬಿಟ್ಟಳು. ಆ ಕರುಣೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಸಂಜೆ ನಮ್ಮ ಕ್ರೀಡಾ ನಿರ್ದೇಶಕರು ದಿನಭತ್ಯೆಯ ಪಟ್ಟಿ ಹಿಡಿದುಕೊಂಡು ಒಬ್ಬೊಬ್ಬರನ್ನೇ ಕರೆದು, ರುಜು ಹಾಕಿಸಿ, ಹಣ ಕೊಡುತ್ತಿದ್ದರು. ನನ್ನ ಹೆಸರು ಕೂಗಿದಾಗ ನಾನು ನಲ್ಲಿಯ ಬಳಿ ಮುಖ ತೊಳೆಯುತ್ತ ನಿಂತೇ ಇದ್ದೆ. ಎರಡನೆಯ ಸಲ ಕೂಗಿದರು. ಆಗಲೂ ಹೋಗಲಿಲ್ಲ. ಐದು ಅಂಕ ತಂದವಳಿಗೆ ಯಾವ ಭತ್ಯೆ ಎಂದು ನನ್ನ ನಾಚಿಕೆ ನನಗೆ ಹೇಳಿತು. ಮರುದಿನ ಅವರೇ ಕರೆದು ಕೇಳಿದಾಗ ‘ಬೇಡ ಸರ್’ ಎಂದುಬಿಟ್ಟೆ. ಅವರು ನನ್ನನ್ನು ಒಂದು ಕ್ಷಣ ನೋಡಿ ಪಟ್ಟಿಯನ್ನು ಮಡಚಿದರು.

ಊರಿಗೆ ಹೋದಾಗ ಅವ್ವ ಕೇಳಿದ ಮೊದಲ ಮಾತು ಸೋಲು-ಗೆಲುವಿನದಲ್ಲ. “ರೊಕ್ಕ ಏನರ ಕೊಟ್ರೇನು?” ಎಂದಳು. ಕೇಳುವುದು ನ್ಯಾಯವೇ. ಬಸ್ಸು ಹೆಂಗಸರಿಗೆ ಬಿಟ್ಟಿಯಾಯಿತು, ಆದರೆ ಬೂಟು ಬಿಟ್ಟಿಯಲ್ಲ. ಆ ಬಿಳಿಯ ಬೂಟು ಅವ್ವ ತೊಗರಿ ಹೊಲದಲ್ಲಿ ಕಸ ತೆಗೆದು ತಂದ ಕೂಲಿಯದು. “ಗೆದ್ದೋರಿಗಷ್ಟೇ ಕೊಡ್ತಾರವ್ವ” ಎಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ, “ಹಂಗಾರ ಸೋತೋರಿಗಿ ಹಸಿವು ಆಗಂಗಿಲ್ಲೇನು?” ಎಂದಳು. ನಾನು ಉತ್ತರ ಕೊಡಲಿಲ್ಲ. ಸುಳ್ಳು ಅಲ್ಲಿಯೇ ಉಳಿಯಿತು.

ಹೀಗೆ ಆರು ತಿಂಗಳು ಕಳೆದವು. 2025ರ ಜುಲೈ 12ರ ಸಂಜೆ ನಾನು ಊರಿನಲ್ಲಿದ್ದೆ. ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಬರುವುದು ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಕುಳಿತು ತಮ್ಮನೂ ನಾನೂ ವಿಂಬಲ್ಡನ್ ಮಹಿಳೆಯರ ಅಂತಿಮ ಪಂದ್ಯ ನೋಡಿದೆವು. ಪೋಲೆಂಡಿನ ಇಗಾ ಶ್ವಿಯಾಂಟೆಕ್ ಅಮೆರಿಕದ ಅಮಾಂಡಾ ಅನಿಸಿಮೋವಾಳನ್ನು 6–0, 6–0ರಿಂದ ಸೋಲಿಸಿದಳು. 57 ನಿಮಿಷ. ತಮ್ಮನು “ಅಕ್ಕ, ಥೇಟ್ ನಿನ್ನಂಗ” ಎಂದು ನಕ್ಕ. ನನಗೆ ನಗು ಬರಲಿಲ್ಲ. ಅನಿಸಿಮೋವಾ ತಟ್ಟೆ ಹಿಡಿದುಕೊಂಡು ಮಾತನಾಡಲು ನಿಂತಳು. ಅಂದು ಬೆಳಿಗ್ಗೆಯಷ್ಟೇ ವಿಮಾನದಲ್ಲಿ ಬಂದಿಳಿದಿದ್ದ ತನ್ನ ತಾಯಿಯ ವಿಷಯ ಹೇಳುವಾಗ ಅವಳ ಗಂಟಲು ಕಟ್ಟಿತು. ನಾನು ತಮ್ಮನ ಕೈಗೆ ಮೊಬೈಲು ಕೊಟ್ಟು ಕೆಳಗಿಳಿದುಹೋದೆ.

ರಜೆ ಮುಗಿಸಿ ಬಂದಮೇಲೆ ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಿದೆ. ವಿಂಬಲ್ಡನ್‌ನಲ್ಲಿ ಮಹಿಳೆಯರ ಅಂತಿಮ ಪಂದ್ಯ ಹೀಗೆ ಸೊನ್ನೆಗೆ ಮುಗಿದದ್ದು 1911ರ ನಂತರ ಅದೇ ಮೊದಲಂತೆ. ನಾಲ್ಕು ಮಹಾ ಪಂದ್ಯಾವಳಿಗಳನ್ನೂ ಸೇರಿಸಿ ನೋಡಿದರೆ 1988ರಲ್ಲಿ ಪ್ಯಾರಿಸಿನಲ್ಲಿ ಒಮ್ಮೆ ಆಗಿತ್ತು: ಗೆದ್ದವಳು ಸ್ಟೆಫಿ ಗ್ರಾಫ್, ಸೋತವಳು ನತಾಶಾ ಜ್ವೆರೆವಾ. ಗ್ರಾಫ್ ಹೆಸರು ಕೇಳದವರಾರು! ಈ ಎರಡನೆಯ ಹೆಸರನ್ನು ನಾನು ಅಂದೇ ಮೊದಲು ಕೇಳಿದ್ದು. ಸೋತವಳ ಬೆನ್ನು ಹತ್ತಿ ನಾನು ಓದತೊಡಗಿದ್ದು ಹೀಗೆ.

ಅವಳು ಬೆಲಾರುಸಿನ ಮಿನ್ಸ್ಕ್ ನಗರದವಳು; ಹುಟ್ಟಿದ್ದು 1971ರ ಏಪ್ರಿಲ್ 16. ಆಗ ಆ ನಾಡು ಸೋವಿಯತ್ ಒಕ್ಕೂಟದೊಳಗೆ ಸೇರಿತ್ತು. ತಂದೆ ತಾಯಿ ಇಬ್ಬರೂ ಟೆನಿಸ್ ಕಲಿಸುವವರು. 1987ರಲ್ಲಿ ಕಿರಿಯರ ವಿಭಾಗದಲ್ಲಿ ಪ್ಯಾರಿಸ್, ವಿಂಬಲ್ಡನ್, ಅಮೆರಿಕ ಮೂರೂ ಕಡೆ ಗೆದ್ದಳು. ಮರುವರ್ಷ, ಹದಿನೇಳರ ವಯಸ್ಸಿನಲ್ಲಿ, ಪ್ಯಾರಿಸಿನ ಹಿರಿಯರ ಪಂದ್ಯಾವಳಿಯಲ್ಲಿ ಮಾರ್ಟಿನಾ ನವ್ರಾಟಿಲೋವಾಳಂಥವಳನ್ನೇ ಸೋಲಿಸಿ ಅಂತಿಮ ಪಂದ್ಯಕ್ಕೆ ಬಂದಳು. ಅಲ್ಲಿ ಎದುರಿಗೆ ಗ್ರಾಫ್. ಆ ವರ್ಷ ನಾಲ್ಕೂ ಮಹಾ ಪ್ರಶಸ್ತಿಗಳನ್ನು, ಮೇಲೆ ಸಿಯೋಲ್ ಒಲಿಂಪಿಕ್ಸಿನ ಚಿನ್ನವನ್ನು, ಒಬ್ಬಳೇ ಗುಡಿಸಿಕೊಂಡು ಹೋದ ಗ್ರಾಫ್. 6–0, 6–0. ಒಟ್ಟು 34 ನಿಮಿಷ. ಜ್ವೆರೆವಾಳಿಗೆ ದಕ್ಕಿದ್ದು 13 ಅಂಕ.

ನನಗಿಂತ ಎಂಟು ಹೆಚ್ಚು ಎಂದು ನಾನು ಮೊದಲು ಲೆಕ್ಕ ಹಾಕಿದೆ. ಮನುಷ್ಯನ ಮನಸ್ಸು ಇಂಥ ಕಡೆ ಎಷ್ಟು ಚುರುಕು!

ಈ ಸೋಲಿನೊಂದಿಗೆ ಅವಳ ಕಥೆ ಮುಗಿದಿರಬೇಕೆಂದೇ ನಾನು ನಂಬಿದ್ದೆ. ಆದರೆ ಅದೇ ಬೇಸಿಗೆಯಲ್ಲಿ, ಪ್ಯಾರಿಸಿನ ಬೆನ್ನಿಗೇ, ಅವಳು ವಿಂಬಲ್ಡನ್ ಮಹಿಳೆಯರ ಜೋಡಿ ಆಟದ ಅಂತಿಮ ಪಂದ್ಯದಲ್ಲಿ ನಿಂತಿದ್ದಾಳೆ. ಪಕ್ಕದಲ್ಲಿ ತನ್ನದೇ ನಾಡಿನ ತಂಡದ ಲಾರಿಸಾ ಸಾವ್ಚೆಂಕೊ; ಬಲೆಯ ಆಚೆ ಮತ್ತೆ ಅದೇ ಗ್ರಾಫ್, ಜೊತೆಗೆ ಗ್ಯಾಬ್ರಿಯೆಲಾ ಸಬಾಟಿನಿ. ಮೂರನೆಯ ಸೆಟ್ 12–10ರವರೆಗೆ ಎಳೆದು ಸೋತರು. 1989ರಲ್ಲಿ ಪ್ಯಾರಿಸಿನಲ್ಲಿ, ಅವಳು ಸೊನ್ನೆ ಹೊತ್ತುಕೊಂಡು ಹೊರಬಿದ್ದ ಪಂದ್ಯಾವಳಿಯಲ್ಲಿಯೇ, ಆ ಜೋಡಿ ಈ ಜೋಡಿಗೆ ಸೋತಿತು. ಒಬ್ಬಳೇ ನಿಂತರೆ ಕೈಗೆ ಸಿಗದ ಗ್ರಾಫ್, ಪಕ್ಕದಲ್ಲಿ ಗೆಳತಿ ಇದ್ದಾಗ ಸಿಕ್ಕಳು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದಲ್ಲ. ಇದಕ್ಕೆ ಸ್ವಲ್ಪ ಮೊದಲು, ಅದೇ ವರ್ಷದ ಏಪ್ರಿಲ್‌ನಲ್ಲಿ, ಅಮೆರಿಕದ ಹಿಲ್ಟನ್ ಹೆಡ್ ಎಂಬಲ್ಲಿ ನಡೆದದ್ದು. ಅಲ್ಲಿಯೂ ಅಂತಿಮ ಪಂದ್ಯ, ಅಲ್ಲಿಯೂ ಗ್ರಾಫ್, ಅಲ್ಲಿಯೂ ಸೋಲು. ಸೋವಿಯತ್ ಆಟಗಾರರು ಹೊರದೇಶಗಳಲ್ಲಿ ಗಳಿಸಿದ ಬಹುಮಾನದ ಹಣ ಆಗ ಸರ್ಕಾರದ ಕ್ರೀಡಾಧಿಕಾರಿಗಳ ವಶಕ್ಕೆ ಹೋಗುತ್ತಿತ್ತು. ಆಡಿದವರ ಕೈಗೆ ಬರುತ್ತಿದ್ದದ್ದು ಸಣ್ಣ ಖರ್ಚಿನ ದುಡ್ಡು. ಹದಿನೆಂಟು ತುಂಬುವ ಹೊತ್ತಿನಲ್ಲಿದ್ದ ಈ ಹುಡುಗಿ ಆ ದಿನ ಚೆಕ್ಕನ್ನು ಕೈಯಲ್ಲಿ ಹಿಡಿದುಕೊಂಡು, ದೂರದರ್ಶನದ ಎದುರು, ತಾನು ಗಳಿಸಿದ ಹಣ ತನ್ನ ಬಳಿ ಉಳಿಯಬೇಕೆಂದು ಹೇಳಿಬಿಟ್ಟಳು.

ತಾವು ಗಮನಿಸಬೇಕು: ಗೆದ್ದು ಕಿರೀಟ ಹೊತ್ತ ದಿನ ಹೇಳಿದ್ದಲ್ಲ, ಸೋತ ದಿನ. ಆ ಸರ್ಕಾರದ ಪಾಲೇನೂ ಅದರಲ್ಲಿ ಇರಲಿಲ್ಲವೆಂದು ನಾನು ಹೇಳಲಾರೆ. ಅಂಗಣ ಕೊಟ್ಟದ್ದು, ಕಲಿಸಿದ್ದು, ದೇಶದೇಶಕ್ಕೆ ಕಳಿಸಿದ್ದು ಆ ವ್ಯವಸ್ಥೆಯೇ. ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರೊಡನೆ ಈ ಬಗ್ಗೆ ಒಂದು ಗಂಟೆ ವಾದ ಮಾಡಿದೆ; ಅವರು ಸೋವಿಯತ್ತಿನ ಪರ, ನಾನು ಹುಡುಗಿಯ ಪರ. ಕೊನೆಗೆ ಅವರು, ಪಾಲು ಎಷ್ಟೆಂಬುದು ಬೇರೆ ಪ್ರಶ್ನೆ, ಕೇಳುವ ಅಧಿಕಾರ ಅವಳಿಗೆ ಇದ್ದೇ ಇತ್ತು ಎಂದು ಒಪ್ಪಿದರು. ಮಾಸ್ಕೋದಲ್ಲಿ ಅದು ಗೋರ್ಬಚೇವರ ಕಾಲ, ಗಾಳಿ ಬದಲಾಗುತ್ತಿತ್ತು. ಮುಂದೆ ಆಟಗಾರರು ತಮ್ಮ ಗಳಿಕೆಯನ್ನು ತಾವೇ ಇಟ್ಟುಕೊಳ್ಳುವಂತಾಯಿತು. ನಾನು ಮಾತ್ರ ಅಂದು ರಾತ್ರಿ ವಸತಿಗೃಹದಲ್ಲಿ ನಿದ್ದೆ ಬಾರದೆ, ನಲ್ಲಿಯ ನೀರು ಬಿಟ್ಟುಕೊಂಡು ನಿಂತಿದ್ದ ನನ್ನನ್ನೇ ನೆನೆಯುತ್ತ ಮಲಗಿದ್ದೆ.

ಉಳಿದ ಕಥೆ ಬಲು ದೊಡ್ಡದು, ನಾನು ಬೇಗ ಹೇಳುತ್ತೇನೆ. ಜೋಡಿ ಆಟದಲ್ಲಿ ಜ್ವೆರೆವಾ 18 ಮಹಾ ಪ್ರಶಸ್ತಿಗಳನ್ನು ಗೆದ್ದಳು. ಸಾವ್ಚೆಂಕೊ ಜೊತೆ ಎರಡು, ಪ್ಯಾಮ್ ಶ್ರೈವರ್ ಜೊತೆ ಒಂದು, ಮಾರ್ಟಿನಾ ಹಿಂಗಿಸ್ ಜೊತೆ ಒಂದು; ಮಿಕ್ಕ 14 ಪೋರ್ಟೊ ರಿಕೊದಲ್ಲಿ ಹುಟ್ಟಿ ಅಮೆರಿಕದ ಪರ ಆಡುತ್ತಿದ್ದ ಗಿಗಿ ಫರ್ನಾಂಡೆಜ್ ಜೊತೆ. 1991ರ ವಿಂಬಲ್ಡನ್ ಜೋಡಿ ಪಂದ್ಯದಲ್ಲಿ ಗಿಗಿ ಬಲೆಯ ಆಚೆ ನಿಂತು ಇವಳಿಗೆ ಸೋತಿದ್ದಳು; ಮರುವರ್ಷ ಬಲೆಯ ಈಚೆಗೆ ಬಂದಳು. 1992ರ ಪ್ಯಾರಿಸಿನಿಂದ 1993ರ ವಿಂಬಲ್ಡನ್‌ವರೆಗೆ ಆರು ಮಹಾ ಪಂದ್ಯಾವಳಿಗಳನ್ನು ಇಬ್ಬರೂ ಬಿಡದೆ ಗೆದ್ದರು. ನಮ್ಮ ಊರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಆದ್ದರಿಂದ ಸಾನಿಯಾ ಮಿರ್ಜಾ ನಮಗೆ ಮನೆಯ ಹೆಣ್ಣುಮಗಳಿದ್ದಂತೆ. ಅವಳು 2015ರಲ್ಲಿ ವಿಂಬಲ್ಡನ್ ಜೋಡಿ ಪ್ರಶಸ್ತಿ ಗೆದ್ದದ್ದು ಇದೇ ಹಿಂಗಿಸ್ ಜೊತೆಗೂಡಿ. ಹೀಗೆ ಕೈಯಿಂದ ಕೈಗೆ ಹಿಡಿದುಕೊಂಡು ಬಂದರೆ ಮಿನ್ಸ್ಕ್ ಕುಂಚಾವರಂಗೆ ಅಷ್ಟೇನೂ ದೂರವಿಲ್ಲ!

ನಡುವೆ ಅವಳ ದೇಶವೇ ಬದಲಾಯಿತು. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಲೈಲಾ ಮೆಸ್ಖಿ ಜೊತೆ ಕಂಚು ಪಡೆದದ್ದು ಒಡೆದ ಮನೆಯ ಮಕ್ಕಳೆಲ್ಲ ಸೇರಿ ಕಟ್ಟಿದ ತಂಡದ ಹೆಸರಿನಲ್ಲಿ. ಆಮೇಲೆ ಆಡಿದ್ದು ಬೆಲಾರುಸಿನ ಹೆಸರಿನಲ್ಲಿ. ಅದೇ ಮಿನ್ಸ್ಕ್‌ನ ಅರೀನಾ ಸಬಲೆಂಕಾ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪಂದ್ಯಾವಳಿ ಗೆದ್ದಾಗ ಹೆಸರಿನ ಪಕ್ಕದಲ್ಲಿ ಯಾವ ಧ್ವಜವೂ ಇರಲಿಲ್ಲ. ಉಕ್ರೇನ್ ಯುದ್ಧದ ಕಾರಣ 2022ರಿಂದ ಆ ನಿಯಮ ಬಂದಿತ್ತು. ಆ ಅಂತಿಮ ಪಂದ್ಯದಲ್ಲಿ ಸಬಲೆಂಕಾಳ ಎದುರಾಳಿ ಯಾರೆಂದುಕೊಂಡಿರಿ? ಅನಿಸಿಮೋವಾ! ಜುಲೈನಲ್ಲಿ ಸೊನ್ನೆ ಪಡೆದವಳು ಎರಡು ತಿಂಗಳೊಳಗೆ ಎಂಟರ ಘಟ್ಟದಲ್ಲಿ ಅದೇ ಶ್ವಿಯಾಂಟೆಕ್‌ಳನ್ನು ಸೋಲಿಸಿ ಅಲ್ಲಿಗೆ ಬಂದಿದ್ದಳು. ಜ್ವೆರೆವಾಳಿಗಾದರೋ ಹತ್ತು ವರ್ಷ ಬೇಕಾಯಿತು. ಒಬ್ಬೊಬ್ಬರೇ ಆಡುವ ಪಂದ್ಯದಲ್ಲಿ ಅವಳು ಗ್ರಾಫ್‌ಳನ್ನು ಸೋಲಿಸಿದ್ದು 1998ರ ವಿಂಬಲ್ಡನ್‌ನ ಮೂರನೆಯ ಸುತ್ತಿನಲ್ಲಿ. ಮುಂದೆ ಮೋನಿಕಾ ಸೆಲೆಸ್‌ಳನ್ನೂ ಸೋಲಿಸಿ ಉಪಾಂತ್ಯದವರೆಗೆ ಹೋದಳು. 2010ರಲ್ಲಿ ಗಿಗಿಯನ್ನೂ ಇವಳನ್ನೂ ಟೆನಿಸ್ಸಿನ ಅಂತರರಾಷ್ಟ್ರೀಯ ಕೀರ್ತಿಮಂದಿರಕ್ಕೆ ಒಟ್ಟಿಗೇ ಸೇರಿಸಿಕೊಂಡರು.

ದಸರೆಗೆ ಊರಿಗೆ ಹೋದಾಗ ಅವ್ವನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವ್ವ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೇಳಿದಳು. ಗ್ರಾಫ್ ಅವಳಿಗೆ ಬೇಕಾಗಲಿಲ್ಲ, 18 ಪ್ರಶಸ್ತಿಯೂ ಬೇಕಾಗಲಿಲ್ಲ.

“ಆ ರೊಕ್ಕ ಆಕಿಗಿ ಕೊಟ್ರೇನು ಮತ್ತ?”

“ಮುಂದ ಅವರವರ ರೊಕ್ಕ ಅವರವರೇ ಇಟ್ಕೊಳ್ಳಂಗ ಆಯ್ತವ್ವ.”

“ಕೇಳಿದಳು, ಅದಕ್ಕ ಬಂತು” ಎಂದು ಅವ್ವ ಒಂದು ಹರಳನ್ನು ಆರಿಸಿ ಅಂಗಳಕ್ಕೆ ಎಸೆದಳು.

ಆಗ ಹೇಳಿದೆ. ನಲ್ಲಿ, ಪಟ್ಟಿ, ಎರಡು ಸಲ ಕೂಗಿದ್ದು, ನಾನು ಹೇಳಿದ ಸುಳ್ಳು ಎಲ್ಲವನ್ನೂ. ಬೈಯುತ್ತಾಳೆಂದು ಕಾದೆ. ಅವ್ವ ಬಹಳ ಹೊತ್ತು ಮೊರವನ್ನೇ ನೋಡುತ್ತಿದ್ದು, “ಎಷ್ಟಿತ್ತು?” ಎಂದಳು. ಹೇಳಿದೆ. “ಒಂದು ದಿನದ ಕೂಲಿ” ಎಂದು ತನ್ನಷ್ಟಕ್ಕೆ ಎಂಬಂತೆ ಅಂದಳು. ಸ್ವಲ್ಪ ತಡೆದು, “ನಾ ಹೊಲದಾಗ ಹಿಂದ ಬಿದ್ದ ದಿನ ಕೂಲಿ ಬಿಟ್ಟು ಬಂದೀನೇನು?” ಎಂದು ಕೇಳಿದಳು. ಬೈದಿದ್ದರೆ ಒಳ್ಳೆಯದಿತ್ತು.

ಈ ವರ್ಷದ ಕ್ರೀಡಾಕೂಟದಲ್ಲಿ ನಾನು ನನ್ನ ಕೋಣೆಯ ಗೆಳತಿಯೊಡನೆ ಜೋಡಿ ಆಟಕ್ಕೆ ಹೆಸರು ಕೊಟ್ಟೆ. ಅವಳು ಎತ್ತರದವಳು, ಬಲೆಯ ಬಳಿ ನಿಲ್ಲುತ್ತಾಳೆ; ನಾನು ಹಿಂದೆ. ಬಳೆ ನಡುವೆ ಬಂದರೆ ಯಾರು ಹಿಡಿಯಬೇಕೆಂದು ನಮಗೆ ಇನ್ನೂ ಸರಿಯಾಗಿ ಇತ್ಯರ್ಥವಾಗಿಲ್ಲ. ಆ ಗೊಂದಲದಲ್ಲಿ ಕಳೆದುಕೊಂಡ ಅಂಕಗಳು ಎಷ್ಟೋ. ಆದರೂ ಮೊದಲ ಸುತ್ತು ಗೆದ್ದೆವು. ಎರಡನೆಯದರಲ್ಲಿ ಮೂರನೆಯ ಆಟದವರೆಗೆ ಹೋಗಿ 21–18ರಿಂದ ಸೋತೆವು.

ಸಂಜೆ ಪಟ್ಟಿ ಬಂತು. ನನ್ನ ಹೆಸರನ್ನು ಕೂಗುವ ಮೊದಲೇ ನಾನು ಮೇಜಿನ ಮುಂದೆ ನಿಂತಿದ್ದೆ. ನಮ್ಮ ನಿರ್ದೇಶಕರು ತಲೆಯೆತ್ತಿ ನೋಡಿ ಏನನ್ನೂ ಹೇಳದೆ ಪಟ್ಟಿಯನ್ನು ನನ್ನ ಕಡೆಗೆ ತಿರುಗಿಸಿದರು. ಪೆನ್ನು ತಂದಿರಲಿಲ್ಲ, ನಮ್ಮನ್ನು ಸೋಲಿಸಿದ ಹುಡುಗಿ ಅಲ್ಲೇ ಪಕ್ಕದಲ್ಲಿದ್ದಳು, ಅವಳದನ್ನೇ ಕೇಳಿ ಇಸಿದುಕೊಂಡು ರುಜು ಹಾಕಿದೆ. ಆ ಹಣವನ್ನು ಊರಿಗೆ ಒಯ್ದು ಕೊಟ್ಟಾಗ ಅವ್ವ ಎರಡು ಸಲ ಎಣಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ರೊಟ್ಟಿ ತಿರುವಿಹಾಕಲು ಒಲೆಯ ಕಡೆ ತಿರುಗಿದಳು.