ಒಂದು ಕಳೆದಾಗ

ಕನ್ನಡ ಅಧ್ಯಾಪಕನಾದ ನನಗೆ ಗಣಿತದ ನಂಟು ಬೆಳೆದದ್ದು ಧವಳಾ ಟೀಕೆಯ ಮೂಲಕ. ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಡವಾಲೆಗಳಲ್ಲಿ ಉಳಿದುಬಂದ ಈ ಗ್ರಂಥದಲ್ಲಿ ವೀರಸೇನಾಚಾರ್ಯರು ‘ಅರ್ಧಚ್ಛೇದ’ವೆಂಬ ಪರಿಭಾಷೆಯನ್ನು ಬಳಸುತ್ತಾರೆ. ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೋ ಅದು ಅದರ ಅರ್ಧಚ್ಛೇದ: 8ಕ್ಕೆ 3, 32ಕ್ಕೆ 5. ಅನುಯೋಗದ್ವಾರ ಸೂತ್ರವಂತೂ ಮನುಷ್ಯರ ಸಂಖ್ಯೆಯನ್ನು 96 ಸಲ ಅರ್ಧಿಸಬಹುದಾದ ರಾಶಿಯೆಂದು ಹೇಳುತ್ತದೆ. ಬರೆದರೆ ಅದು 29 ಅಂಕಿಗಳ ಸಂಖ್ಯೆ.

ಕೆಲವು ವರ್ಷಗಳ ಹಿಂದೆ ಒಂದು ವಿಚಾರಸಂಕಿರಣದಲ್ಲಿ ಇದನ್ನು ವಿವರಿಸುತ್ತ, ಉತ್ಸಾಹದ ಭರದಲ್ಲಿ, ಇಂದಿನ ಗಣಿತಜ್ಞರು ಅರಸುವ ಬೃಹತ್ ಅವಿಭಾಜ್ಯ ಸಂಖ್ಯೆಗಳ ರಹಸ್ಯವೂ ನಮ್ಮ ಪ್ರಾಚೀನರಿಗೆ ತಿಳಿದಿತ್ತೆಂದುಬಿಟ್ಟೆ. ಚಪ್ಪಾಳೆ ಬಿತ್ತು. ಊಟದ ಹೊತ್ತಿನಲ್ಲಿ ಗಣಿತ ವಿಭಾಗದ ಸಹೋದ್ಯೋಗಿಯೊಬ್ಬರು ಪಕ್ಕಕ್ಕೆ ಬಂದು ಕುಳಿತರು.

“ಸರ್, ಎರಡರಿಂದ ಭಾಗವಾಗುತ್ತಲೇ ಹೋಗುವ ಸಂಖ್ಯೆ ಅವಿಭಾಜ್ಯ ಹೇಗಾಗುತ್ತದೆ?”

“ಅದರಿಂದ ಒಂದು ಕಳೆದರೆ?” ಎಂದೆ.

“ನಿಮ್ಮ 29 ಅಂಕಿಗಳ ಸಂಖ್ಯೆಯಿಂದ ಒಂದು ಕಳೆಯಿರಿ, ಮೂರರಿಂದ ಭಾಗವಾಗುತ್ತದೆ,” ಎಂದು ನಕ್ಕರು. ಬಳಿಕ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲೇ ಪಾಠ ನಡೆಯಿತು.

ಹಾಗೆ ಒಂದು ಕಳೆದಾಗ ಉಳಿಯುವುದು ಅವಿಭಾಜ್ಯವಾಗಬೇಕಾದರೆ ಅರ್ಧಚ್ಛೇದವೇ ಮೊದಲು ಅವಿಭಾಜ್ಯವಾಗಿರಬೇಕು. ಅಷ್ಟೇ ಸಾಲದು. 11 ಅವಿಭಾಜ್ಯ, ಆದರೆ 2048ರಿಂದ ಒಂದು ಕಳೆದ 2047, 23 ಮತ್ತು 89ರ ಗುಣಲಬ್ಧ. ಫ್ರಾನ್ಸಿನ ಕ್ರೈಸ್ತ ಸಂನ್ಯಾಸಿ ಮೆರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 67 ಮತ್ತು 127 ಎರಡೂ ಇದ್ದವು. 1876ರಲ್ಲಿ ಎದುವಾರ್ ಲೂಕಾ 67 ತಪ್ಪೆಂದೂ 127 ಸರಿಯೆಂದೂ ತೋರಿಸಿದ. 67ರ ಸಂಖ್ಯೆ ಒಡೆಯುತ್ತದೆಂದು ಅವನು ಸಾಧಿಸಿದಾಗ ಅದರ ಅಪವರ್ತನಗಳು ಯಾರಿಗೂ ತಿಳಿದಿರಲಿಲ್ಲ. ಅವು ಕೋಲ್‌ನ ಕೈಗೆ ಸಿಕ್ಕಿದ್ದು 1903ರಲ್ಲಿ. ಒಡೆದು ನೋಡದೆಯೇ ಒಡೆಯುವುದನ್ನು ಅರಿಯಬಹುದೆಂಬ ಮಾತು ನನ್ನನ್ನು ಬಹಳ ಕಾಲ ಕಾಡಿತು.

127ರಿಂದ ಹುಟ್ಟುವ ಸಂಖ್ಯೆ ಇದು: 170141183460469231731687303715884105727. ಒಟ್ಟು 39 ಅಂಕಿಗಳು. 1951ರವರೆಗೆ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಗೊತ್ತಿರಲಿಲ್ಲ. ಇದರ ವಂಶಾವಳಿಯೂ ಚೆಲುವಾದದ್ದು. ಎರಡನ್ನು ಎರಡು ಸಲ ಗುಣಿಸಿ ಒಂದು ಕಳೆದರೆ 3, ಮೂರು ಸಲ ಗುಣಿಸಿ ಕಳೆದರೆ 7, ಏಳು ಸಲಕ್ಕೆ 127, 127 ಸಲಕ್ಕೆ ಈ ಸಂಖ್ಯೆ. ಎಲ್ಲವೂ ಅವಿಭಾಜ್ಯ. ಮುಂದಿನ ಕೊಂಡಿ ಏನೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಲೂಕಾನ ಪರೀಕ್ಷೆಯನ್ನು ಲೆಹ್ಮರ್ ಮುಂದೆ ಸರಳಗೊಳಿಸಿದ. 4ರಿಂದ ಹೊರಟು, ವರ್ಗಿಸಿ, 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಬೇಕು; ಶೇಷವನ್ನೇ ಮತ್ತೆ ವರ್ಗಿಸುತ್ತ ಹೋಗಬೇಕು. 31ಕ್ಕೆ ಮೂರು ಹೆಜ್ಜೆ: 14, 8, ಕೊನೆಗೆ ಸೊನ್ನೆ. ಸೊನ್ನೆ ಬಂದರೆ ಅವಿಭಾಜ್ಯ. 127ರ ಸಂಖ್ಯೆಗೆ 125 ಹೆಜ್ಜೆ. ಹೆಜ್ಜೆಗಳೆಷ್ಟೆಂಬುದನ್ನು ತಿಳಿಯಲು, ಆ ಸಂಖ್ಯೆಗೆ ಒಂದು ಕೂಡಿಸಿ ಅರ್ಧಚ್ಛೇದ ಕಂಡು ಎರಡು ಕಳೆದರಾಯಿತು.

ನಂಟು ಇರುವುದು ಇಷ್ಟೇ. ಅರ್ಧಚ್ಛೇದವನ್ನು ನಮ್ಮವರು ಬಲ್ಲರು. ಆದರೆ ಈ ಅವಿಭಾಜ್ಯಗಳನ್ನು ಅರಸಿದರೆನ್ನಲು ನಾನು ಓದಿದ ಯಾವ ಪುಟವೂ ಆಧಾರವಾಗಲಿಲ್ಲ. ಸಂಕಿರಣದ ಸಂಪುಟಕ್ಕೆ ಲೇಖನ ಕಳುಹಿಸುವ ಮುನ್ನ, ಚಪ್ಪಾಳೆ ಗಿಟ್ಟಿಸಿದ್ದ ಆ ವಾಕ್ಯವನ್ನು ಹೊಡೆದುಹಾಕಿದೆ. ಉಳಿದದ್ದನ್ನು ಮೊದಲು ಓದಲು ಕೊಟ್ಟದ್ದು ಆ ಸಹೋದ್ಯೋಗಿಗೇ.