ಅಟ್ಟವೇರಿದ ತಂಬೂರಿ
1980ರ ಸುಮಾರಿಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ಧಾರವಾಡಕ್ಕೆ ಓದಲು ಹೋದ ನಾವು ಐವರು ಗೆಳೆಯರು ಓದಿದ್ದಕ್ಕಿಂತ ಸಂಗೀತ ಕೇಳಿದ್ದೇ ಹೆಚ್ಚು. ಖೋಲಿಯ ಬಾಡಿಗೆ ಬಾಕಿ ಉಳಿದರೂ ಬೈಠಕ್ ತಪ್ಪಿಸಲಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಜೈಪುರ-ಅತ್ರೌಲಿ ಘರಾಣೆಯ ರಾಗಗಳನ್ನು ಹಾಡಿ, ಅದೇ ಕಂಠದಲ್ಲಿ ಶರಣರ ವಚನಕ್ಕಿಳಿದಾಗ, ಬಾಲ್ಯದಿಂದ ಬಾಯಿಪಾಠವಾಗಿದ್ದ ಮಾತುಗಳೇ ಹೊಸದಾಗಿ ಕೇಳಿಸುತ್ತಿದ್ದವು. ಬಸವರಾಜ ರಾಜಗುರುಗಳು ಹೆಚ್ಚೋ ಗಂಗೂಬಾಯಿಯವರು ಹೆಚ್ಚೋ ಎಂಬ ಜಗಳ ಬೆಳಗಿನ ಚಹದವರೆಗೂ ನಡೆಯುತ್ತಿತ್ತು.

ನಿಜವಾದ ಕಂಠವಿದ್ದುದು ವಾಡಿಯ ಗೆಳೆಯನಿಗೆ ಮಾತ್ರ. ತಂದೆ ಲಿಂಗೈಕ್ಯರಾದ ಮೇಲೆ ಆತ ಸಿಮೆಂಟ್ ಕಾರ್ಖಾನೆಯ ಪಾಳಿಗೆ ಸೇರಿದನು, ತಂಬೂರಿ ಅಟ್ಟವೇರಿತು. 1992ರಲ್ಲಿ ಮನ್ಸೂರರು ಅಗಲಿದಾಗ ಉಳಿದ ನಾಲ್ವರಿಗೂ ಪತ್ರ ಬರೆದವನು ಆತನೇ.

ಕಳೆದ ಶ್ರಾವಣದಲ್ಲಿ ಆತನ ಮನೆಯಲ್ಲಿ ಕೂಡಿದೆವು. ಹಾಡೆಂದು ಕೇಳಲು ನಮಗೆ ಧೈರ್ಯ ಸಾಲಲಿಲ್ಲ. ಮೊಮ್ಮಗಳು ತಂಬೂರಿ ಇಳಿಸಿ ತಂದು, “ಮುತ್ಯಾ, ಇದಕ್ಕ ಶ್ರುತಿ ಹಚ್ಚಿಕೊಡು” ಎಂದಳು. ತುಕ್ಕು ಹಿಡಿದ ತಂತಿಗಳನ್ನು ಬಿಚ್ಚುತ್ತ ಆತ, ಹೊಸವು ಕಲಬುರಗಿಯಲ್ಲಿ ದೊರೆಯುತ್ತವೆಯೇ ಎಂದು ನಮ್ಮನ್ನು ಕೇಳಿದನು.